ಮನೆಯಲ್ಲೇ ತೆಗೆದ ಮಾದರಿ, ಮನೆತನದ ಕ್ಯಾನ್ಸರ್

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಐವತ್ತು ತುಂಬಿದ ಮೇಲೆ ಅಂಚೆಯಲ್ಲಿ ಒಂದು ಲಕೋಟೆ ಬರುತ್ತದೆ. ಒಳಗೆ ಪುಟ್ಟ ಪ್ಲಾಸ್ಟಿಕ್ ಸೀಸೆ, ಅದರ ಮುಚ್ಚಳಕ್ಕೆ ಸೇರಿದಂತೆ ಒಂದು ಕಡ್ಡಿ. ಕಡ್ಡಿಯ ತುದಿಗೆ ಚೂರು ಮಲ ತಾಗಿಸಿ, ಸೀಸೆಯೊಳಗೆ ತೂರಿಸಿ ಮುಚ್ಚಿ, ದಿನಾಂಕ ಬರೆದು ಮತ್ತೆ ಅಂಚೆಗೆ ಹಾಕಿದರೆ ಕೆಲಸ ಮುಗಿಯಿತು. 50ರಿಂದ 74 ವರ್ಷದವರಿಗೆಲ್ಲ 2 ವರ್ಷಕ್ಕೊಮ್ಮೆ ಸರ್ಕಾರವೇ ಇದನ್ನು ಉಚಿತವಾಗಿ ಕಳಿಸುತ್ತದೆ. ದೊಡ್ಡ ಕರುಳಿನ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚಲು ಇಷ್ಟು ಅಗ್ಗದ, ಇಷ್ಟು ಸುಲಭದ ದಾರಿ ಇನ್ನೊಂದಿಲ್ಲ.

ಈಗ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ತಂದೆಗೆ ನಲವತ್ತನಾಲ್ಕನೇ ವಯಸ್ಸಿನಲ್ಲೇ ಕರುಳಿನ ಕ್ಯಾನ್ಸರ್, ಸೋದರತ್ತೆಗೆ ಐವತ್ತರೊಳಗೆ ಗರ್ಭಕೋಶದ ಕ್ಯಾನ್ಸರ್. ಮೂವತ್ತು ವರ್ಷದ ಮಗ ಕೇಳುತ್ತಾನೆ: ಆಸ್ಪತ್ರೆಗೆ ಹೋಗಿ, ಭೇದಿಯ ಔಷಧಿ ಕುಡಿದು, ಕರುಳಿನೊಳಗೆ ಕ್ಯಾಮೆರಾ ಬಿಡಿಸಿಕೊಳ್ಳುವುದಕ್ಕಿಂತ ಇಂಥದೊಂದು ಕಿಟ್ ತರಿಸಿಕೊಂಡು ಮನೆಯಲ್ಲೇ ನೋಡಿಕೊಂಡರೆ ಸಾಲದೇ? ಅವನ ತಂಗಿಯ ಪ್ರಶ್ನೆ ಬೇರೆ: ಉಗುಳು ಕಳಿಸಿದರೆ ಜೀನ್ ಪರೀಕ್ಷೆ ಮಾಡಿಕೊಡುವ ಕಂಪನಿಗಳಿವೆಯಲ್ಲ, ಅಲ್ಲಿ ನೆಗೆಟಿವ್ ಬಂದರೆ ನಿಶ್ಚಿಂತೆಯಾಗಿರಬಹುದೇ?

ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ. ಅಣ್ಣನಿಗೆ ಉತ್ತರ: ಸಾಲದು. ತಂಗಿಗೆ ಉತ್ತರ: ಯಾವ ಪರೀಕ್ಷೆ, ಯಾರ ನಂತರ ಮಾಡಿಸಿದ್ದು ಎಂಬುದನ್ನು ಅವಲಂಬಿಸಿದೆ. ಈ ಎರಡು ಉತ್ತರಗಳ ಹಿಂದಿನ ಕಾರಣ ತಿಳಿದುಕೊಂಡರೆ, ಮನೆಯಲ್ಲೇ ಮಾದರಿ ತೆಗೆಯುವ ಪರೀಕ್ಷೆಗಳ ಬಗ್ಗೆ ಹಬ್ಬಿರುವ ಗೊಂದಲದ ಬಹುಪಾಲು ತಿಳಿಯಾಗುತ್ತದೆ. ಏಕೆಂದರೆ ಮಾದರಿಯನ್ನು ನಾವೇ ತೆಗೆದರೂ ಅದರಿಂದ ಕೇಳುವ ಪ್ರಶ್ನೆಗಳು ಎರಡು. ‘ಹುಟ್ಟಿನಿಂದಲೇ ನನಗೆ ಈ ಅಪಾಯ ಬಂದಿದೆಯೇ?’ ಎಂಬುದು ಒಂದು. ಇದನ್ನು ಜೀವನದಲ್ಲಿ ಒಮ್ಮೆ ಸರಿಯಾಗಿ ಕೇಳಿದರೆ ಸಾಕು. ‘ಈಗ, ಈ ವರ್ಷ, ನನ್ನ ದೇಹದಲ್ಲಿ ಕ್ಯಾನ್ಸರ್ ಅಥವಾ ಅದರ ಮೊದಲ ಹಂತ ಇದೆಯೇ?’ ಎಂಬುದು ಇನ್ನೊಂದು. ಇದನ್ನು ಮತ್ತೆ ಮತ್ತೆ ಕೇಳುತ್ತಲೇ ಇರಬೇಕು. ಒಂದರ ಉತ್ತರವನ್ನು ಇನ್ನೊಂದರ ಉತ್ತರವೆಂದು ಓದಿಕೊಂಡವರು ನಿಜಕ್ಕೂ ಅಪಾಯದಲ್ಲಿರುತ್ತಾರೆ.

ದುರಸ್ತಿ ಮಾಡುವ ಜೀನ್‌ಗಳು ಕೆಟ್ಟಾಗ

1895ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ಥಿನ್ ಅವರಿಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬರು ತಮ್ಮ ಸಂಕಟ ಹೇಳಿಕೊಂಡರು. ತಮ್ಮ ಮನೆಯವರು ಒಬ್ಬರಾದ ಮೇಲೊಬ್ಬರು ಹೊಟ್ಟೆಯ, ಕರುಳಿನ, ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಳ್ಳುತ್ತಿದ್ದಾರೆ, ತಾವೂ ಹಾಗೆಯೇ ಸಾಯುತ್ತೇವೆಂದು ಅವರು ನಂಬಿದ್ದರು. ವಾರ್ಥಿನ್ ಅದನ್ನು ತಳ್ಳಿಹಾಕಲಿಲ್ಲ. ಕುಟುಂಬದ ವಂಶವೃಕ್ಷವನ್ನು ಬರೆದುಕೊಂಡು 1913ರಲ್ಲಿ ಪ್ರಕಟಿಸಿದರು. ಆ ಹೆಂಗಸು ಕೊನೆಗೆ ಗರ್ಭಕೋಶದ ಕ್ಯಾನ್ಸರಿಗೇ ಬಲಿಯಾದರು. ಅರ್ಧ ಶತಮಾನದ ಬಳಿಕ, 1966ರಲ್ಲಿ, ನೆಬ್ರಾಸ್ಕದ ವೈದ್ಯ ಹೆನ್ರಿ ಲಿಂಚ್ ಇಂಥವೇ ಕುಟುಂಬಗಳ ವಿವರ ಪ್ರಕಟಿಸಿದರು. ಕ್ಯಾನ್ಸರ್ ಹೀಗೆ ವಂಶದಲ್ಲಿ ಇಳಿದುಬರುತ್ತದೆ ಎಂದು ಒಪ್ಪುವವರು ಆಗ ಕಡಿಮೆ. ಕಾರಣವಾದ ಜೀನ್‌ಗಳು 1993ರಿಂದ ಮುಂದೆ ಒಂದೊಂದಾಗಿ ಸಿಕ್ಕವು. ಇಂದು ಆ ಸ್ಥಿತಿಗೆ ಲಿಂಚ್ ಸಿಂಡ್ರೋಮ್ ಎಂದೇ ಹೆಸರು.

ಆಗುವುದು ಇಷ್ಟು. ಜೀವಕೋಶ ಒಡೆದು ಎರಡಾಗುವಾಗಲೆಲ್ಲ ಸುಮಾರು ಮುನ್ನೂರು ಕೋಟಿ ಅಕ್ಷರಗಳ ಡಿಎನ್‌ಎ ಗ್ರಂಥವನ್ನು ನಕಲು ಮಾಡಿಕೊಳ್ಳಬೇಕು. ಅಲ್ಲಿ ಅಕ್ಷರ ತಪ್ಪುವುದು ಸಹಜ. ತಪ್ಪನ್ನು ಹುಡುಕಿ ತಿದ್ದುವುದು ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಎಂಬ ಜೀನ್‌ಗಳು ತಯಾರಿಸುವ ಪ್ರೋಟೀನುಗಳ ಕೆಲಸ. ಪ್ರತಿಯೊಂದು ಜೀನಿಗೂ ನಮ್ಮಲ್ಲಿ ಎರಡು ಪ್ರತಿಗಳು, ತಾಯಿಯಿಂದ ಒಂದು, ತಂದೆಯಿಂದ ಒಂದು. ಲಿಂಚ್ ಸಿಂಡ್ರೋಮ್ ಇದ್ದವರಲ್ಲಿ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಇನ್ನೊಂದು ಪ್ರತಿ ಇರುವವರೆಗೆ ಕೆಲಸ ನಡೆಯುತ್ತದೆ. ಕರುಳಿನ ಅಥವಾ ಗರ್ಭಕೋಶದ ಯಾವುದೋ ಒಂದು ಕೋಶದಲ್ಲಿ ಅದೂ ಹಾಳಾದ ದಿನದಿಂದ ಆ ಕೋಶದ ಸಂತತಿಯಲ್ಲಿ ತಪ್ಪುಗಳು ಬೇಗ ಬೇಗ ತುಂಬುತ್ತವೆ. ಈ ‘ಬೇಗ’ ಎಂಬುದನ್ನು ನೆನಪಿಟ್ಟುಕೊಳ್ಳಿ. ಮನೆಯ ಕಿಟ್ ಏಕೆ ಸಾಲದು ಎಂಬುದರ ಉತ್ತರ ಅಲ್ಲೇ ಇದೆ.

ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳೂ ದುರಸ್ತಿಯವೇ. ಅವು ತುಂಡಾದ ಡಿಎನ್‌ಎ ಎಳೆಗಳನ್ನು ಜೋಡಿಸುತ್ತವೆ. ಈ ಜೀನ್‌ಗಳ ದೋಷ ಮಕ್ಕಳಿಗೆ ಹೋಗುವ ಸಂಭವ ಅರ್ಧಕ್ಕರ್ಧ, ಮಗನಾದರೂ ಮಗಳಾದರೂ ಒಂದೇ. ನಮ್ಮಲ್ಲಿ ಹೆಂಗಸರ ಕಾಯಿಲೆಯೆಂದರೆ ತಾಯಿಯ ಕಡೆಯ ಚರಿತ್ರೆಯನ್ನಷ್ಟೇ ಕೇಳುವ ರೂಢಿ ಇದೆ. ಅಪ್ಪನ ತಾಯಿಗೆ, ಅಪ್ಪನ ಅಕ್ಕನಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ ಅದು ಅಪ್ಪನ ಮೂಲಕ ಮಗಳಿಗೆ ಬಂದಿರಬಹುದು. ಅಪ್ಪನಿಗೆ ಏನೂ ಆಗದೇ ಇದ್ದರೂ ಬಂದಿರಬಹುದು.

ಒಟ್ಟು ಕ್ಯಾನ್ಸರುಗಳಲ್ಲಿ ಹೀಗೆ ಒಂದೇ ಜೀನಿನ ದೋಷದಿಂದ ಬರುವವು ಶೇಕಡ 5ರಿಂದ 10ರಷ್ಟು ಮಾತ್ರ. ಆದರೆ ಆ ಮನೆಗಳಲ್ಲಿ ಅಪಾಯ ಚಿಕ್ಕದಲ್ಲ. ಎಂಎಲ್‌ಎಚ್1 ಅಥವಾ ಎಂಎಸ್‌ಎಚ್2 ದೋಷವಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಎಪ್ಪತ್ತೈದರೊಳಗೆ ಕರುಳಿನ ಕ್ಯಾನ್ಸರ್ ಬರುತ್ತದೆ. ಪಿಎಂಎಸ್2 ಆದರೆ ಹತ್ತರಲ್ಲಿ ಒಬ್ಬರಿಗೆ. ಬಿಆರ್‌ಸಿಎ1 ದೋಷವಿರುವ ಹೆಂಗಸರಲ್ಲಿ ಎಂಬತ್ತು ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವ ಶೇಕಡ 70ರ ಆಸುಪಾಸು. ಲಿಂಚ್ ಸಿಂಡ್ರೋಮ್ ಸುಮಾರು 300 ಜನರಲ್ಲಿ ಒಬ್ಬರಿಗೆ ಇರುತ್ತದೆ ಎಂಬುದು ಪಾಶ್ಚಾತ್ಯ ದೇಶಗಳ ಅಂದಾಜು. ಅವರಲ್ಲಿ ಬಹುತೇಕರಿಗೆ ತಮಗೆ ಅದು ಇದೆಯೆಂದೇ ಗೊತ್ತಿಲ್ಲ.

ಮಲದ ಪರೀಕ್ಷೆ ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ

ಅಂಚೆಯಲ್ಲಿ ಬರುವ ಆ ಪರೀಕ್ಷೆಗೆ ವೈದ್ಯರು ‘ಫಿಟ್’ ಎನ್ನುತ್ತಾರೆ. ಅದು ಕ್ಯಾನ್ಸರನ್ನು ಹುಡುಕುವುದೇ ಇಲ್ಲ, ರಕ್ತವನ್ನು ಹುಡುಕುತ್ತದೆ. ಕರುಳಿನ ಗಡ್ಡೆಗಳು ಕಣ್ಣಿಗೆ ಕಾಣದಷ್ಟು ರಕ್ತ ಒಸರುತ್ತವೆ. ಆ ರಕ್ತದ ಹಿಮೋಗ್ಲೋಬಿನ್ನನ್ನು ಪ್ರತಿಕಾಯಗಳ ಮೂಲಕ ಗುರುತಿಸಿ ಅಳೆಯುವುದು ಇದರ ವಿಧಾನ. ಹಿಂದಿನ ಪರೀಕ್ಷೆಗಳಲ್ಲಿ ಮಾಂಸ, ಕೆಲವು ತರಕಾರಿ ತಿನ್ನಬಾರದೆಂಬ ನಿಯಮವಿತ್ತು. ಇದು ಮನುಷ್ಯರ ಹಿಮೋಗ್ಲೋಬಿನ್ನನ್ನು ಮಾತ್ರ ಹಿಡಿಯುವುದರಿಂದ ಪಥ್ಯ ಬೇಕಿಲ್ಲ.

ಎಷ್ಟು ರಕ್ತವಿದ್ದರೆ ‘ಪಾಸಿಟಿವ್’? ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಇಂಗ್ಲೆಂಡಿನ ಸಾಮೂಹಿಕ ತಪಾಸಣೆ ಬಹುಕಾಲ ಇಟ್ಟುಕೊಂಡಿದ್ದ ಗಡಿ ಒಂದು ಗ್ರಾಂ ಮಲದಲ್ಲಿ 120 ಮೈಕ್ರೋಗ್ರಾಂ ಹಿಮೋಗ್ಲೋಬಿನ್. ಸ್ಕಾಟ್ಲೆಂಡಿನ ಗಡಿ 80. ಅಮೆರಿಕದಲ್ಲಿ ಸಾಮಾನ್ಯವಾಗಿ 20. ಅದೇ ವ್ಯಕ್ತಿ, ಅದೇ ಮಲ, ಒಂದು ದೇಶದಲ್ಲಿ ಪಾಸಿಟಿವ್, ಇನ್ನೊಂದರಲ್ಲಿ ನೆಗೆಟಿವ್. ಗಡಿ ಇಳಿಸಿದಷ್ಟೂ ಹೆಚ್ಚು ಜನರಿಗೆ ಕೊಲೊನೊಸ್ಕೋಪಿ, ಅಂದರೆ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ, ಮಾಡಬೇಕಾಗುತ್ತದೆ. ಅಷ್ಟು ವೈದ್ಯರು, ಅಷ್ಟು ಯಂತ್ರಗಳು ಇವೆಯೇ ಎಂಬ ಲೆಕ್ಕವೂ ಈ ಅಂಕಿಯೊಳಗೆ ಸೇರಿದೆ. ಸಾಮಾನ್ಯ ಜನರ ದೊಡ್ಡ ಗುಂಪಿಗೆ ಹಾಕಿದ ಗೆರೆ ಅದು. ಒಂದು ಮನೆತನದ ಅಪಾಯವನ್ನು ನೋಡಿ ಹಾಕಿದ್ದಲ್ಲ.

2014ರಲ್ಲಿ ಅಮೆರಿಕ ಮತ್ತು ಕೆನಡಾದ ಸುಮಾರು ಹತ್ತು ಸಾವಿರ ಜನರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಎಲ್ಲರೂ ಸಾಮಾನ್ಯ ಅಪಾಯದವರು. ಎಲ್ಲರಿಗೂ ಮಲದ ಪರೀಕ್ಷೆಯೂ ಆಯಿತು, ಕೊಲೊನೊಸ್ಕೋಪಿಯೂ ಆಯಿತು. ಫಿಟ್ ಒಂದೇ ಸಲದ ಪರೀಕ್ಷೆಯಲ್ಲಿ ಕ್ಯಾನ್ಸರುಗಳ ಪೈಕಿ ಶೇಕಡ 74ರಷ್ಟನ್ನು ಹಿಡಿಯಿತು. ಆದರೆ ಕ್ಯಾನ್ಸರ್ ಆಗುವ ಹಾದಿಯಲ್ಲಿದ್ದ ದೊಡ್ಡ ಪಾಲಿಪ್‌ಗಳಲ್ಲಿ, ಅಂದರೆ ಕರುಳಿನ ಒಳಗೋಡೆಯ ಮೇಲೆ ಬೆಳೆಯುವ ಗಂಟುಗಳಲ್ಲಿ, ಹಿಡಿದದ್ದು ಶೇಕಡ 24 ಮಾತ್ರ. ಅಂಥ ನೂರು ಪಾಲಿಪ್‌ಗಳಿದ್ದರೆ ಎಪ್ಪತ್ತಾರು ಕೈತಪ್ಪಿದವು.

ಹಾಗಿದ್ದರೆ ಸಾಮಾನ್ಯರಿಗೆ ಇದು ಏಕೆ ಒಳ್ಳೆಯ ಪರೀಕ್ಷೆ? ಕಾಲಾವಕಾಶ ಇರುವುದರಿಂದ. ಸಾಮಾನ್ಯವಾಗಿ ಪಾಲಿಪ್ ಒಂದು ಕ್ಯಾನ್ಸರಾಗಲು ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿದರೆ ಈ ಸಲ ತಪ್ಪಿದ್ದು ಮುಂದಿನ ಸಲ ಸಿಗುತ್ತದೆ, ಇಲ್ಲದಿದ್ದರೆ ಅದರ ಮುಂದಿನ ಸಲ. ಒಂದೊಂದು ಸಲದ ದೌರ್ಬಲ್ಯವನ್ನು ಪುನರಾವರ್ತನೆ ತುಂಬಿಕೊಡುತ್ತದೆ. ಲಿಂಚ್ ಸಿಂಡ್ರೋಮ್ ಇದ್ದವರಿಗೆ ಆ ಕಾಲಾವಕಾಶವೇ ಇಲ್ಲ. ದುರಸ್ತಿ ನಿಂತ ಕೋಶದಲ್ಲಿ ಹತ್ತು ವರ್ಷದ ಹಾದಿ ಒಂದರಿಂದ ಮೂರು ವರ್ಷಗಳಲ್ಲಿ ಸವೆಯಬಹುದು. ಜೊತೆಗೆ ಅವರ ಪಾಲಿಪ್‌ಗಳು ಹೆಚ್ಚಾಗಿ ಕರುಳಿನ ಬಲಭಾಗದಲ್ಲಿ, ಚಪ್ಪಟೆಯಾಗಿ ಹರಡಿಕೊಂಡಿರುತ್ತವೆ. ಚಪ್ಪಟೆಯಾದವು ಕಡಿಮೆ ರಕ್ತ ಒಸರುತ್ತವೆ. ರಕ್ತವನ್ನೇ ನೆಚ್ಚಿಕೊಂಡ ಪರೀಕ್ಷೆಗೆ ಅವು ಕಾಣುವುದು ಕಷ್ಟ.

ಇನ್ನೂ ಮುಖ್ಯವಾದ ವ್ಯತ್ಯಾಸವೊಂದಿದೆ. ಲಿಂಚ್ ಕುಟುಂಬದವರಿಗೆ ಕೊಲೊನೊಸ್ಕೋಪಿ ಮಾಡುವುದು ಕ್ಯಾನ್ಸರನ್ನು ಹುಡುಕುವುದಕ್ಕಷ್ಟೇ ಅಲ್ಲ, ಅದು ಹುಟ್ಟದಂತೆ ಮಾಡುವುದಕ್ಕೂ. ಕಂಡ ಪಾಲಿಪ್ಪನ್ನು ಆಗಲೇ ಕತ್ತರಿಸಿ ತೆಗೆಯುತ್ತಾರೆ. ಫಿನ್‌ಲೆಂಡಿನಲ್ಲಿ 22 ಕುಟುಂಬಗಳ 252 ಜನರನ್ನು ಹದಿನೈದು ವರ್ಷ ಹಿಂಬಾಲಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ವರ್ಷಕ್ಕೊಮ್ಮೆ ಪರೀಕ್ಷೆಗೆ ಬಂದವರಲ್ಲಿ ಕರುಳಿನ ಕ್ಯಾನ್ಸರ್ ಶೇಕಡ 62ರಷ್ಟು ಕಡಿಮೆಯಾಗಿತ್ತು. ಬಾರದವರ ಗುಂಪಿನಲ್ಲಿ ಒಂಬತ್ತು ಜನ ಆ ಕ್ಯಾನ್ಸರಿನಿಂದ ಸತ್ತಿದ್ದರು, ಬಂದವರ ಗುಂಪಿನಲ್ಲಿ ಒಬ್ಬರೂ ಇಲ್ಲ. ಭೇದಿಯ ಔಷಧಿಯ ಆ ಒಂದು ರಾತ್ರಿ ಯಾರಿಗೂ ಇಷ್ಟವಿಲ್ಲ, ಒಪ್ಪುತ್ತೇನೆ. ಆದರೆ ಈ ಅಂಕಿಗಳ ಮುಂದೆ ಆ ರಾತ್ರಿಯ ಸಂಕಟ ನನಗೆ ಬಹಳ ಸಣ್ಣದಾಗಿ ಕಾಣುತ್ತದೆ. ಇಂದು ಎರಡು ವರ್ಷಕ್ಕೊಮ್ಮೆ, ಕೆಲವೆಡೆ ವರ್ಷಕ್ಕೊಮ್ಮೆ, ಎಂಎಲ್‌ಎಚ್1 ಮತ್ತು ಎಂಎಸ್‌ಎಚ್2 ದೋಷವಿದ್ದವರಿಗೆ ಇಪ್ಪತ್ತು–ಇಪ್ಪತ್ತೈದರ ವಯಸ್ಸಿನಿಂದಲೇ ಕೊಲೊನೊಸ್ಕೋಪಿ ಮಾಡುತ್ತಾರೆ. ಇಂಗ್ಲೆಂಡ್ 2023ರಿಂದ ಲಿಂಚ್ ಸಿಂಡ್ರೋಮ್ ಇರುವವರನ್ನು ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮದೊಳಗೇ ಸೇರಿಸಿಕೊಂಡು ನೇರವಾಗಿ ಕೊಲೊನೊಸ್ಕೋಪಿಗೆ ಕರೆಯುತ್ತಿದೆ.

ಹಾಗೆಂದು ಮನೆಯ ಕಿಟ್ಟಿಗೆ ಈ ಮನೆಗಳಲ್ಲಿ ಕೆಲಸವೇ ಇಲ್ಲವೆನ್ನಲಾಗದು. ಕೋವಿಡ್ ಕಾಲದಲ್ಲಿ ಕೊಲೊನೊಸ್ಕೋಪಿ ನಿಂತುಹೋದಾಗ ಇಂಗ್ಲೆಂಡಿನ ಲಿಂಚ್ ರೋಗಿಗಳಿಗೆ ಮನೆಗೇ ಫಿಟ್ ಕಳಿಸಿದರು. ಸರದಿಯಲ್ಲಿರುವವರ ಪೈಕಿ ಯಾರನ್ನು ಮೊದಲು ಕರೆಯಬೇಕು ಎಂದು ತಿಳಿಯಲು ಅದು ನೆರವಾಯಿತು. ಪಾಸಿಟಿವ್ ಬಂದವರನ್ನು ಮುಂದಕ್ಕೆ ತಂದರು, ನೆಗೆಟಿವ್ ಬಂದವರನ್ನು ಸರದಿಯಿಂದ ತೆಗೆಯಲಿಲ್ಲ. ಇದೇ ಸರಿಯಾದ ಬಳಕೆ ಎಂದು ನನ್ನ ಅಭಿಪ್ರಾಯ. ಎರಡು ಕೊಲೊನೊಸ್ಕೋಪಿಗಳ ನಡುವೆ ಎಚ್ಚರಿಕೆಯ ಗಂಟೆಯಾಗಿ ಅದು ಇರಲಿ, ಅವುಗಳ ಬದಲಿಗೆ ಬೇಡ. ಅಮೆರಿಕದಲ್ಲಿ 2014ರಿಂದ ಮಾರಾಟದಲ್ಲಿರುವ ಕೊಲೊಗಾರ್ಡ್ ಎಂಬ ಕಿಟ್ ಮಲದಲ್ಲಿ ರಕ್ತದ ಜೊತೆಗೆ ಗಡ್ಡೆಯಿಂದ ಉದುರಿದ ಡಿಎನ್‌ಎಯನ್ನೂ ಹುಡುಕುತ್ತದೆ. ಮೇಲೆ ಹೇಳಿದ ಅಧ್ಯಯನದಲ್ಲಿ ಅದು ಶೇಕಡ 92ರಷ್ಟು ಕ್ಯಾನ್ಸರುಗಳನ್ನು ಹಿಡಿಯಿತು, ದೊಡ್ಡ ಪಾಲಿಪ್‌ಗಳಲ್ಲಿ ಶೇಕಡ 42. ಉತ್ತಮವಾದದ್ದೇ. ಆದರೂ ಲಿಂಚ್‌ನಂಥ ಆನುವಂಶಿಕ ಅಪಾಯ ಇರುವವರಿಗೆ ಇದು ಸಲ್ಲದು ಎಂದು ಅದರ ಸೂಚನೆಯಲ್ಲೇ ಬರೆದಿದೆ. ಕಿಟ್ ತಯಾರಿಸಿದವರೇ ಹೇಳುವ ಆ ಮಾತನ್ನು ಕೊಳ್ಳುವವರು ಓದುವುದಿಲ್ಲ.

ಉಗುಳಿನ ಪರೀಕ್ಷೆ: ನೆಗೆಟಿವ್‌ಗೂ ನೆಗೆಟಿವ್‌ಗೂ ಅಂತರ

ತಂಗಿಯ ಪ್ರಶ್ನೆಗೆ ಬರೋಣ. ಉಗುಳಿನಲ್ಲಿ ಬಾಯಿಯ ಒಳಚರ್ಮದ ಕೋಶಗಳೂ ಬಿಳಿ ರಕ್ತಕಣಗಳೂ ತೇಲುತ್ತಿರುತ್ತವೆ. ಅವುಗಳಲ್ಲಿ ನಮ್ಮ ಪೂರ್ತಿ ಡಿಎನ್‌ಎ ಇದೆ. ಅರ್ಧ ಗಂಟೆ ಏನೂ ತಿನ್ನದೆ, ಕುಡಿಯದೆ ಇದ್ದು ಕೊಳವೆಯಲ್ಲಿ ಗುರುತು ಮುಟ್ಟುವವರೆಗೆ ಉಗುಳಿ, ಕೆಡದಂತೆ ಕಾಪಾಡುವ ದ್ರವದೊಂದಿಗೆ ಬೆರೆಸಿ ಮುಚ್ಚಬೇಕು. ಮಾದರಿಯ ಗುಣಮಟ್ಟದಲ್ಲಿ ರಕ್ತಕ್ಕಿಂತ ಹೇಳಿಕೊಳ್ಳುವಂಥ ಕೊರತೆಯೇನೂ ಇಲ್ಲ. ಒಂದು ಎಚ್ಚರಿಕೆ: ಬೇರೊಬ್ಬರ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರ ಉಗುಳಿನಲ್ಲಿ ದಾನಿಯ ಡಿಎನ್‌ಎ ಬೆರೆತಿರುತ್ತದೆ. ಅಂಥವರು ಮೊದಲೇ ತಿಳಿಸಬೇಕು.

ಮನೆಯಲ್ಲಿ ಮಾದರಿ ತೆಗೆಯುವುದರಿಂದ ನಿಜವಾದ ಲಾಭ ಆಗಿರುವುದು ಇಲ್ಲಿಯೇ. ಅಶ್ಕೆನಾಜಿ, ಅಂದರೆ ಮಧ್ಯ ಮತ್ತು ಪೂರ್ವ ಯುರೋಪಿನ ಯಹೂದಿ, ಮೂಲದವರಲ್ಲಿ ಸುಮಾರು 40 ಜನರಲ್ಲಿ ಒಬ್ಬರಿಗೆ ಬಿಆರ್‌ಸಿಎ ದೋಷವಿದೆ. ಉಳಿದ ಜನರಲ್ಲಿ ಅದು ಇನ್ನೂರು ಇನ್ನೂರೈವತ್ತರಲ್ಲಿ ಒಬ್ಬರಿಗೆ. ಇದನ್ನರಿತು ಇಂಗ್ಲೆಂಡಿನ ಆರೋಗ್ಯ ಸೇವೆ, ಅಜ್ಜ–ಅಜ್ಜಿಯರಲ್ಲಿ ಒಬ್ಬರಾದರೂ ಯಹೂದಿಯರಾಗಿದ್ದ 18 ದಾಟಿದವರಿಗೆ ಮನೆಗೇ ಉಗುಳಿನ ಕಿಟ್ ಕಳಿಸುವ ಕಾರ್ಯಕ್ರಮ ನಡೆಸಿತು. ಕುಟುಂಬದಲ್ಲಿ ಕ್ಯಾನ್ಸರ್ ಇರಲೇಬೇಕೆಂಬ ಷರತ್ತು ಇರಲಿಲ್ಲ. ದೋಷ ಕಂಡವರಿಗೆ ಸಲಹೆ, ಮುಂದಿನ ತಪಾಸಣೆ ಎಲ್ಲವೂ ಅದೇ ವ್ಯವಸ್ಥೆಯೊಳಗೆ. ಕಿಟ್ಟಿನ ಹಿಂದೆ ಆಸ್ಪತ್ರೆ ನಿಂತಿತ್ತು ಎಂಬುದೇ ಅದರ ಬಲ.

ಇದರ ಪಕ್ಕದಲ್ಲಿ ಅಂತರ್ಜಾಲದಲ್ಲಿ ಕೊಳ್ಳುವ ಕಿಟ್ಟನ್ನು ಇಟ್ಟು ನೋಡಿ. ಅಮೆರಿಕದ 23ಆಂಡ್‌ಮಿ ಕಂಪನಿಗೆ 2018ರ ಮಾರ್ಚಿನಲ್ಲಿ ಬಿಆರ್‌ಸಿಎ ವರದಿ ಕೊಡಲು ಅನುಮತಿ ಸಿಕ್ಕಿತು. ಅದು ನೋಡುತ್ತಿದ್ದುದು ಕೇವಲ ಮೂರು ದೋಷಗಳನ್ನು, ಆ ಮೂರೂ ಅಶ್ಕೆನಾಜಿ ಯಹೂದಿಯರಲ್ಲಿ ಸಾಮಾನ್ಯವಾದವು. ಬಿಆರ್‌ಸಿಎ ಜೀನ್‌ಗಳಲ್ಲಿ ತಿಳಿದಿರುವ ದೋಷಗಳು ಸಾವಿರಾರು. ಮುಂದೆ 2023ರಲ್ಲಿ ಪಟ್ಟಿಯನ್ನು 44ಕ್ಕೆ ಏರಿಸಿದರು. ಹಾಸನದ ಮೂಲದ ಹೆಂಗಸೊಬ್ಬರು ಕ್ಯಾಲಿಫೋರ್ನಿಯಾದಲ್ಲಿ ಕುಳಿತು ಆ ಕಿಟ್ಟಿಗೆ ಉಗುಳಿ ‘ದೋಷ ಕಂಡುಬಂದಿಲ್ಲ’ ಎಂಬ ವರದಿ ಪಡೆದರೆ ಅದರ ಅರ್ಥ, ಅವರ ಪೂರ್ವಜರಲ್ಲಿ ಇರುವ ಸಾಧ್ಯತೆಯೇ ಕಡಿಮೆಯಾದ ಕೆಲವು ದೋಷಗಳು ಅವರಲ್ಲಿಲ್ಲ ಎಂದಷ್ಟೇ. ಅವರ ತಾಯಿಯ ಸ್ತನ ಕ್ಯಾನ್ಸರಿಗೆ ಕಾರಣವಾದದ್ದನ್ನು ಆ ಪರೀಕ್ಷೆ ತೆರೆದು ನೋಡಿಯೇ ಇಲ್ಲ. ಇನ್ನೊಂದು ಸಂಗತಿಯನ್ನೂ ಕಡೆಗಣಿಸಲಾಗದು. 2023ರಲ್ಲಿ ಆ ಕಂಪನಿಯ ಲಕ್ಷಾಂತರ ಗ್ರಾಹಕರ ಮಾಹಿತಿ ಸೋರಿಕೆಯಾಯಿತು, 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಉಗುಳಿನಲ್ಲಿ ನಾವು ಕೊಡುವುದು ನಮ್ಮ ವಿವರವನ್ನಷ್ಟೇ ಅಲ್ಲ. ನಮ್ಮ ಮಕ್ಕಳ, ಅಣ್ಣತಮ್ಮಂದಿರ ವಿವರದ ಅರ್ಧವೂ ಅದರೊಳಗಿದೆ.

ಹಾಗಾದರೆ ನಂಬಬಹುದಾದ ನೆಗೆಟಿವ್ ಯಾವುದು? ಕುಟುಂಬದಲ್ಲಿ ಕ್ಯಾನ್ಸರ್ ಬಂದವರನ್ನು ಮೊದಲು ಪರೀಕ್ಷಿಸಬೇಕು. ಇಲ್ಲಿನ ತಂದೆಗೆ ಸಂಬಂಧಿತ ಜೀನ್‌ಗಳನ್ನು ಪೂರ್ತಿಯಾಗಿ ಓದುವ ಪರೀಕ್ಷೆ ಮಾಡಿ, ಎಂಎಸ್‌ಎಚ್2 ಜೀನಿನ ಇಂಥ ಜಾಗದಲ್ಲಿ ಇಂಥ ದೋಷ ಎಂದು ಕಂಡಿತು ಎನ್ನೋಣ. ಈಗ ಮಗಳ ಉಗುಳಿನಲ್ಲಿ ಪ್ರಯೋಗಾಲಯ ಹುಡುಕಬೇಕಾದದ್ದು ಆ ಒಂದೇ ಜಾಗವನ್ನು. ಅದು ಅಲ್ಲಿಲ್ಲದಿದ್ದರೆ ತಂದೆಯ ದೋಷ ಅವಳಿಗೆ ಬಂದಿಲ್ಲ. ಅವಳ ಅಪಾಯ ಉಳಿದೆಲ್ಲರಂತೆಯೇ. ವರ್ಷ ವರ್ಷದ ಕೊಲೊನೊಸ್ಕೋಪಿ ಅವಳಿಗೆ ಬೇಕಿಲ್ಲ, ಅವಳ ಮಕ್ಕಳಿಗೂ ಆ ದೋಷ ಅವಳಿಂದ ಹೋಗುವುದಿಲ್ಲ. ಆದರೆ ತಂದೆಯ ಪರೀಕ್ಷೆಯೇ ಆಗದೆ ಮಗಳೊಬ್ಬಳೇ ಮಾಡಿಸಿಕೊಂಡು ನೆಗೆಟಿವ್ ಬಂದರೆ, ಅದು ದೋಷ ಬಂದಿಲ್ಲವೆಂಬುದೋ ಅಥವಾ ಕುಟುಂಬದ ದೋಷವನ್ನು ಪರೀಕ್ಷೆ ಹಿಡಿಯಲಿಲ್ಲವೆಂಬುದೋ ಹೇಳಲಾಗದು. ಎರಡು ವರದಿಗಳಲ್ಲೂ ಬರೆದಿರುವುದು ಒಂದೇ ಪದ. ಒಂದು ಅವಳನ್ನು ಬಿಡುಗಡೆ ಮಾಡುತ್ತದೆ, ಇನ್ನೊಂದು ಎಲ್ಲಿದ್ದಳೋ ಅಲ್ಲೇ ಬಿಡುತ್ತದೆ.

ಅಂಚೆಯ ಕಿಟ್ ದೂರದ ಸಂಬಂಧಿಗಳಿಗೆ ಹೇಳಿಮಾಡಿಸಿದಂತಿರುವುದೂ ಇದಕ್ಕೇ. ತಂದೆಯ ವರದಿಯ ಪ್ರತಿ ಕೈಯಲ್ಲಿದ್ದರೆ ಧಾರವಾಡದ ಚಿಕ್ಕಪ್ಪನೂ ಮೆಲ್ಬರ್ನಿನ ಅಕ್ಕನೂ ತಮ್ಮ ತಮ್ಮ ವೈದ್ಯರ ಮೂಲಕ ಅದೇ ಒಂದು ಜಾಗವನ್ನು ಪರೀಕ್ಷಿಸಿಕೊಳ್ಳಬಹುದು.

ಕೆಲವು ವರದಿಗಳಲ್ಲಿ ಪಾಸಿಟಿವ್ ಅಲ್ಲ, ನೆಗೆಟಿವ್ ಅಲ್ಲ, ‘ಮಹತ್ವ ತಿಳಿದಿಲ್ಲದ ಬದಲಾವಣೆ’ ಎಂದು ಬರೆದಿರುತ್ತದೆ. ಅಕ್ಷರ ಬದಲಾಗಿದೆ, ಅದರಿಂದ ಕೇಡಿದೆಯೇ ಎಂದು ಇನ್ನೂ ಗೊತ್ತಾಗಿಲ್ಲ ಎಂದು ಅರ್ಥ. ಜಗತ್ತಿನ ಜೀನ್ ಸಂಗ್ರಹಗಳಲ್ಲಿ ಯುರೋಪಿನ ಮೂಲದವರದೇ ಸಿಂಹಪಾಲು ಆಗಿರುವುದರಿಂದ ಭಾರತೀಯರಿಗೆ ಇಂಥ ಉತ್ತರ ಹೆಚ್ಚಾಗಿ ಬರುತ್ತದೆ. ಇದರ ಆಧಾರದ ಮೇಲೆ ಅಂಡಾಶಯವನ್ನೋ ಸ್ತನವನ್ನೋ ತೆಗೆಸುವ ತೀರ್ಮಾನ ಮಾಡಬಾರದು. ವರದಿಯ ಅರ್ಥ ತಿಳಿಸಿ ಸಲಹೆ ಕೊಡುವ ಜೆನೆಟಿಕ್ ಕೌನ್ಸೆಲರ್ ಇಲ್ಲದೆ ವರದಿ ಕೈಗೆ ಬರುವ ಕಿಟ್‌ಗಳಲ್ಲಿ ನನ್ನನ್ನು ಹೆಚ್ಚು ಹೆದರಿಸುವುದು ಈ ಸಾಲು.

ಉಗುಳಿನ ಇನ್ನೊಂದು ಬಗೆಯ ಬಳಕೆ ಲಂಡನ್ನಿನ ಸಂಶೋಧಕರ ಬಾರ್‌ಕೋಡ್1 ಅಧ್ಯಯನದಲ್ಲಿ ಕಾಣುತ್ತದೆ. ಒಂದೇ ಜೀನಿನ ದೊಡ್ಡ ದೋಷವಲ್ಲ, 130 ಪುಟ್ಟ ಪುಟ್ಟ ವ್ಯತ್ಯಾಸಗಳನ್ನು ಕೂಡಿಸಿ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯವನ್ನು ಅಂಕದಲ್ಲಿ ಅಳೆಯುವ ಪ್ರಯತ್ನ ಅದು. 55ರಿಂದ 69 ವರ್ಷದ ಗಂಡಸರು ಮನೆಯಿಂದಲೇ ಉಗುಳು ಕಳಿಸಿದರು. ಅಂಕ ಅತಿ ಹೆಚ್ಚಿದ್ದವರನ್ನು ಎಂಆರ್‌ಐ ಮತ್ತು ಬಯಾಪ್ಸಿಗೆ ಕರೆದರು. 2025ರಲ್ಲಿ ಪ್ರಕಟವಾದಂತೆ, ಹೀಗೆ ಪರೀಕ್ಷೆಗೊಳಗಾದ 468 ಜನರಲ್ಲಿ 187 ಜನರಿಗೆ ಕ್ಯಾನ್ಸರ್ ಇತ್ತು. ಆದರೆ ಗಮನಿಸಿ, ಉಗುಳು ಕ್ಯಾನ್ಸರನ್ನು ತೋರಿಸಲಿಲ್ಲ. ಯಾರನ್ನು ಹುಡುಕಬೇಕೆಂದು ಹೇಳಿತು. ಹುಡುಕಿದ್ದು ಸೂಜಿ ಮತ್ತು ಸ್ಕ್ಯಾನ್. ಬಳಸಿದ ಅಂಕಗಳೂ ಯುರೋಪ್ ಮೂಲದವರ ಮಾಹಿತಿಯಿಂದ ಕಟ್ಟಿದವು, ಹಾಗಾಗಿ ನಮ್ಮವರಿಗೆ ಹಾಗೆಯೇ ಅನ್ವಯಿಸಲಾಗದು.

ಹೆಂಗಸರು ತಾವೇ ತೆಗೆಯುವ ಮಾದರಿ

ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ವೈರಸ್ ಕಾರಣ. ಯೋನಿಯೊಳಗೆ ಹತ್ತಿಯ ಕಡ್ಡಿ ತಿರುಗಿಸಿ ತಾವೇ ತೆಗೆದ ಮಾದರಿಯಲ್ಲಿ ಆ ವೈರಸ್ ಇದೆಯೇ ಎಂದು ನೋಡಬಹುದು. ಆಸ್ಟ್ರೇಲಿಯಾ 2022ರ ಜುಲೈಯಿಂದ ಈ ಆಯ್ಕೆಯನ್ನು ತಪಾಸಣೆಗೆ ಅರ್ಹರಾದ ಎಲ್ಲ ಹೆಂಗಸರಿಗೂ ಕೊಟ್ಟಿತು. ಅಮೆರಿಕದಲ್ಲಿ ಮನೆಯಲ್ಲೇ ತೆಗೆಯುವ ಸಾಧನಕ್ಕೆ 2025ರ ಮೇ ತಿಂಗಳಲ್ಲಿ ಅನುಮತಿ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಬೆಂಬಲಿಸುತ್ತದೆ. ಪರೀಕ್ಷೆಯ ಮೇಜಿನ ಮೇಲೆ ಮಲಗಲು ಮುಜುಗರಪಡುವ ನಮ್ಮ ಹೆಂಗಸರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲವೆಂದು ನಾನು ಮನಸಾರೆ ನಂಬುತ್ತೇನೆ.

ಆದರೆ ಅದು ವೈರಸ್ಸಿನ ಪ್ರಶ್ನೆ, ವಂಶದ ಪ್ರಶ್ನೆಯಲ್ಲ. ಬಿಆರ್‌ಸಿಎ ದೋಷ ಇರುವ ಹೆಂಗಸಿಗೆ ಆತಂಕ ಇರಬೇಕಾದದ್ದು ಸ್ತನ ಮತ್ತು ಅಂಡಾಶಯದ ಬಗ್ಗೆ. ಲಿಂಚ್ ಇರುವವರಿಗೆ ಗರ್ಭಕೋಶದ ಒಳಪದರದ ಬಗ್ಗೆ. ‘ಕೆಳಗಿನ ಪರೀಕ್ಷೆ ಆಗಿದೆ, ಎಲ್ಲ ಚೆನ್ನಾಗಿದೆ’ ಎಂದು ಎಚ್‌ಪಿವಿ ವರದಿಯನ್ನು ಹಿಡಿದು ನಿರಾಳವಾಗುವವರಿದ್ದಾರೆ. ಗರ್ಭಕಂಠ, ಗರ್ಭಕೋಶ, ಅಂಡಾಶಯ ಮೂರೂ ಒಂದೇ ಎಂಬ ತಿಳಿವಳಿಕೆ ಇದಕ್ಕೆ ಕಾರಣ. ಅಂಡಾಶಯದ ಕ್ಯಾನ್ಸರಿಗೆ ಮನೆಯಲ್ಲಿ ಮಾಡುವ ನಂಬಲರ್ಹ ಪರೀಕ್ಷೆ ಇಲ್ಲ. ಆಸ್ಪತ್ರೆಯಲ್ಲಿ ಮಾಡುವ ರಕ್ತ ಪರೀಕ್ಷೆ ಮತ್ತು ಸ್ಕ್ಯಾನಿನಿಂದಲೂ ಸಾವು ಕಡಿಮೆಯಾಗಲಿಲ್ಲವೆಂದು ಬ್ರಿಟನ್ನಿನಲ್ಲಿ ಸಾಮಾನ್ಯ ಅಪಾಯದ ಎರಡು ಲಕ್ಷ ಹೆಂಗಸರ ಮೇಲೆ ನಡೆದ ಅಧ್ಯಯನ 2021ರಲ್ಲಿ ಹೇಳಿತು. ಹಾಗಾಗಿಯೇ ಬಿಆರ್‌ಸಿಎ1 ದೋಷ ಇದ್ದವರಿಗೆ ಮಕ್ಕಳಾದ ಮೇಲೆ 35ರಿಂದ 40ರ ನಡುವೆ ಅಂಡಾಶಯ ಮತ್ತು ಅಂಡನಾಳ ತೆಗೆಸುವ ಸಲಹೆ ಕೊಡುತ್ತಾರೆ. ಸ್ತನಕ್ಕೆ ವರ್ಷಕ್ಕೊಮ್ಮೆ ಎಂಆರ್‌ಐ.

ಗರ್ಭಕೋಶದ ವಿಷಯದಲ್ಲಿ ಮಾತ್ರ ಆಸೆಯ ಎಳೆಯೊಂದು ಕಾಣುತ್ತಿದೆ. ಮ್ಯಾಂಚೆಸ್ಟರಿನ ಸಂಶೋಧಕರು 2021ರಲ್ಲಿ ಮೂತ್ರ ಮತ್ತು ಯೋನಿಯ ಮಾದರಿಗಳಲ್ಲಿ ಉದುರಿದ ಕ್ಯಾನ್ಸರ್ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಶೇಕಡ 92ರಷ್ಟು ಗರ್ಭಕೋಶದ ಕ್ಯಾನ್ಸರುಗಳನ್ನು ಗುರುತಿಸಿದರು. ಆದರೆ ಅವರು ಪರೀಕ್ಷಿಸಿದ್ದು ಕ್ಯಾನ್ಸರ್ ಇರುವುದು ಗೊತ್ತಾಗಿದ್ದವರನ್ನು ಮತ್ತು ಮುಟ್ಟು ನಿಂತ ಮೇಲೆ ರಕ್ತಸ್ರಾವವಾದವರನ್ನು. ಯಾವ ಲಕ್ಷಣವೂ ಇಲ್ಲದ ಲಿಂಚ್ ಮನೆತನದ ಮೂವತ್ತೈದರ ಹೆಂಗಸಿನಲ್ಲಿ ಅದು ಹಾಗೆಯೇ ಕೆಲಸ ಮಾಡುತ್ತದೆಂದು ಇದರಿಂದ ಸಿದ್ಧವಾಗುವುದಿಲ್ಲ. ಅದು ಸಿದ್ಧವಾಗುವವರೆಗೆ ಅಕಾಲದ ರಕ್ತಸ್ರಾವವೇ ಮುಖ್ಯ ಎಚ್ಚರಿಕೆ. ಅದು ಕಂಡರೆ ಕಾಯಬಾರದು.

ಕರ್ನಾಟಕದ ಮನೆಗಳಿಗೆ

ಭಾರತದ ಸರ್ಕಾರಿ ತಪಾಸಣೆಯಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರುಗಳಿವೆ, ಕರುಳಿನದ್ದಿಲ್ಲ. ಫಿಟ್ ಮಾಡಿಸುವವರು ಖಾಸಗಿಯಾಗಿ ಮಾಡಿಸಬೇಕು. ಆಗ ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಶಾಖಕ್ಕೆ ಮಾದರಿಯ ಹಿಮೋಗ್ಲೋಬಿನ್ ಕೆಡುತ್ತದೆ. ಇಟಲಿಯ ಫ್ಲಾರೆನ್ಸ್‌ನಲ್ಲಿಯೇ ಬೇಸಿಗೆಯಲ್ಲಿ ಪಾಸಿಟಿವ್ ಫಲಿತಾಂಶಗಳು ಕಡಿಮೆಯಾಗುವುದನ್ನು ಗಮನಿಸಿದ್ದಾರೆ. ಏಪ್ರಿಲಿನ ರಾಯಚೂರಿನಲ್ಲಿ ಎರಡು ದಿನ ಕೊರಿಯರ್ ಚೀಲದಲ್ಲಿದ್ದ ಸೀಸೆಯ ನೆಗೆಟಿವ್ ಅನ್ನು ನಾನಂತೂ ನಂಬಲಾರೆ. ಮಾದರಿಯನ್ನು ಫ್ರಿಜ್ಜಿನಲ್ಲಿಟ್ಟು ಬೆಳಗ್ಗೆಯೇ ನೇರವಾಗಿ ಲ್ಯಾಬಿಗೆ ಕೊಡುವುದು ಮೇಲು. ಪಾಸಿಟಿವ್ ಬಂದರೆ ‘ಮೂಲವ್ಯಾಧಿಯ ರಕ್ತವಿರಬೇಕು’ ಎಂದುಕೊಂಡು ಇನ್ನೊಮ್ಮೆ ಮಾಡಿಸಿ, ನೆಗೆಟಿವ್ ಬರುವವರೆಗೆ ಕಾಯುವುದು ತಪ್ಪು. ಮೂಲವ್ಯಾಧಿ ಇದ್ದವರಿಗೂ ಕ್ಯಾನ್ಸರ್ ಬರುತ್ತದೆ. ಪಾಸಿಟಿವ್ ಬಂದ ಮೇಲೆ ಮುಂದಿನ ಹೆಜ್ಜೆ ಕೊಲೊನೊಸ್ಕೋಪಿ, ಬೇರೇನೂ ಅಲ್ಲ.

ನಮ್ಮ ಮನೆಗಳಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಇದೆ. ಲಿಂಚ್ ಮನೆತನದಲ್ಲಿ ಇದಕ್ಕೆ ಬೇರೆಯೇ ಗಾಂಭೀರ್ಯವಿದೆ. ಗಂಡ ಹೆಂಡತಿ ಇಬ್ಬರಲ್ಲೂ ಅಜ್ಜನ ಅದೇ ದೋಷ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಎರಡೂ ಪ್ರತಿಗಳು ಕೆಟ್ಟು ಬರುವ ಸಂಭವ ನಾಲ್ಕರಲ್ಲಿ ಒಂದು. ಅಂಥ ಮಗುವಿನ ಚರ್ಮದ ಮೇಲೆ ಕಾಫಿ ಬಣ್ಣದ ಮಚ್ಚೆಗಳಿರಬಹುದು. ಬಾಲ್ಯದಲ್ಲೇ ಮೆದುಳಿನ ಗಡ್ಡೆ, ರಕ್ತದ ಕ್ಯಾನ್ಸರ್, ಹದಿವಯಸ್ಸಿನೊಳಗೆ ಕರುಳಿನ ಕ್ಯಾನ್ಸರ್ ಬರಬಹುದು. ಬಿಆರ್‌ಸಿಎ2ರ ಎರಡೂ ಪ್ರತಿಗಳು ಕೆಟ್ಟರೆ ಫ್ಯಾಂಕೋನಿ ಅನೀಮಿಯಾ ಎಂಬ, ಅಸ್ಥಿಮಜ್ಜೆಯನ್ನು ಸೋಲಿಸುವ ಆನುವಂಶಿಕ ಕಾಯಿಲೆ. ಮದುವೆಗೆ ಮೊದಲು ಜಾತಕ ನೋಡುವ ಹಿರಿಯರು ಇಂಥ ಮನೆಗಳಲ್ಲಿ ಜೀನ್ ವರದಿಯನ್ನೂ ಕೇಳಲಿ ಎಂದು ನಾನು ಯಾವ ಸಂಕೋಚವಿಲ್ಲದೆ ಹೇಳುತ್ತೇನೆ. ಕೆಟ್ಟ ಪ್ರತಿ ಇದ್ದವರನ್ನು ದೂರವಿಡುವುದಕ್ಕಲ್ಲ, ಇಬ್ಬರೂ ಹೊತ್ತಿದ್ದಾರೆಯೇ ಎಂದು ಅರಿಯುವುದಕ್ಕೆ.

ಎಲ್ಲಿಂದ ಆರಂಭಿಸಬೇಕು? ಮೂರು ತಲೆಮಾರಿನ ವಂಶವೃಕ್ಷ ಬರೆಯಿರಿ: ಯಾರಿಗೆ, ಯಾವ ಅಂಗದ ಕ್ಯಾನ್ಸರ್, ಎಷ್ಟನೇ ವಯಸ್ಸಿಗೆ. ‘ಹೊಟ್ಟೆಯ ಗಡ್ಡೆ’ ಎಂದು ಮನೆಯಲ್ಲಿ ಹೇಳುವುದು ಕರುಳೋ, ಗರ್ಭಕೋಶವೋ, ಅಂಡಾಶಯವೋ ಎಂದು ಹಳೆಯ ಕಾಗದಗಳಲ್ಲಿ ನೋಡಿ. ಐವತ್ತರೊಳಗೆ ಕ್ಯಾನ್ಸರ್ ಬಂದವರು, ಒಬ್ಬರಿಗೇ ಎರಡು ಅಂಗಗಳಲ್ಲಿ ಬಂದವರು, ತಾಯಿಯ ಅಥವಾ ತಂದೆಯ ಒಂದೇ ಕಡೆಯ ಮೂವರಿಗೆ ಬಂದ ಮನೆಯವರು ಜೆನೆಟಿಕ್ ಕೌನ್ಸೆಲಿಂಗಿಗೆ ಹೋಗಬೇಕು. ಮುಂಬೈಯ ಟಾಟಾ ಸ್ಮಾರಕ ಕೇಂದ್ರ ಮತ್ತು ಚೆನ್ನೈಯ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನಲ್ಲಿ ಆನುವಂಶಿಕ ಕ್ಯಾನ್ಸರಿಗೆಂದೇ ಕ್ಲಿನಿಕ್‌ಗಳಿವೆ, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲೂ ಕೌನ್ಸೆಲರುಗಳು ಸಿಗುತ್ತಾರೆ. ಕ್ಯಾನ್ಸರ್ ಬಂದವರು ಬದುಕಿದ್ದರೆ ಪರೀಕ್ಷೆ ಅವರಿಂದಲೇ ಶುರುವಾಗಲಿ. ತೀರಿಕೊಂಡಿದ್ದರೆ, ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಅವರ ಗಡ್ಡೆಯ ತುಣುಕನ್ನು ಮೇಣದಲ್ಲಿ ಅಚ್ಚುಹಾಕಿದ ಬ್ಲಾಕ್ ಉಳಿದಿದೆಯೇ ಎಂದು ವಿಚಾರಿಸಿ. ವರ್ಷಗಳ ಬಳಿಕವೂ ಆ ತುಣುಕಿಗೆ ಬಣ್ಣ ಹಾಕಿ ನಾಲ್ಕು ದುರಸ್ತಿ ಪ್ರೋಟೀನುಗಳಲ್ಲಿ ಯಾವುದು ಕಾಣೆಯಾಗಿದೆ ಎಂದು ನೋಡಬಹುದು, ಮತ್ತು ಮಕ್ಕಳ ಉಗುಳಿನಲ್ಲಿ ಮೊದಲು ಯಾವ ಜೀನನ್ನು ಓದಬೇಕೆಂಬುದು ಅದರಿಂದ ಗೊತ್ತಾಗುತ್ತದೆ.